ಪದಚರ್ಚೆ: ಪ್ಲಮ್ ಹಣ್ಣಿನ ಮೈಮೇಲಿನ ‘ಬ್ಲೂಮ್‌’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

“ಹಣ್ಣು ಕೀಳುವಾಗ ಹೂವು ಅಳಿಸಿಹೋಗದಂತೆ ಎಚ್ಚರ ವಹಿಸಿ.”

ಈ ಒಂದು ವಾಕ್ಯ ಎರಡು ದಿನಗಳಿಂದ ನನ್ನ ತಲೆ ತಿನ್ನುತ್ತಿದೆ. ಗೆಳೆಯರೊಬ್ಬರು ತಮ್ಮ ತೋಟದಲ್ಲಿ ವಿಕ್ಟೋರಿಯಾ ತಳಿಯ ಪ್ಲಮ್ ಗಿಡ ನೆಟ್ಟಿದ್ದಾರೆ. ಅದರ ಆರೈಕೆಯ ಇಂಗ್ಲಿಷ್ ಟಿಪ್ಪಣಿಯನ್ನು ಯಂತ್ರಾನುವಾದಕ್ಕೆ ಕೊಟ್ಟು ಕನ್ನಡ ಮಾಡಿಸಿದರು. ಗಿಡ ನೋಡಿಕೊಳ್ಳುವುದು ಅವರ ತಾಯಿ. ಅವರ ಕೈಗೆ ಕೊಡುವ ಮುನ್ನ ಒಮ್ಮೆ ಕಣ್ಣಾಡಿಸಿ ಎಂದು ನನಗೆ ಕಳಿಸಿದರು. ನನ್ನ ಹಿತ್ತಲಿನಲ್ಲಿ ಅದೇ ತಳಿಯ ಹನ್ನೊಂದು ವರ್ಷದ ಮರವಿದೆ ಎನ್ನುವುದಷ್ಟೇ ಈ ಕೆಲಸಕ್ಕೆ ನನ್ನ ಅರ್ಹತೆ. ಪ್ಲಮ್ ಮರ ಹೂ ಬಿಡುವುದು ವಸಂತದ ಆರಂಭದಲ್ಲಿ, ಎಲೆ ಪೂರ್ತಿ ಬಿಚ್ಚುವುದಕ್ಕೂ ಮೊದಲು. ಹಣ್ಣು ಕೈಗೆ ಬರುವುದು ಬೇಸಿಗೆಯ ಕೊನೆಗೆ. ಕೀಳುವ ಹೊತ್ತಿಗೆ ಹೂವು ಎಲ್ಲಿಂದ ಬಂತು?

ಮೂಲ ನೋಡಿದರೆ ಅಲ್ಲಿದ್ದ ಪದ ‘ಬ್ಲೂಮ್’. ಇಂಗ್ಲಿಷಿನಲ್ಲಿ ಅದಕ್ಕೆ ಹೂವು ಎಂಬ ಅರ್ಥವೂ ಇದೆ, ಹಣ್ಣಿನ ಸಿಪ್ಪೆಯ ಮೇಲೆ ಕೂತಿರುವ ತೆಳುವಾದ ಬೂದುಬಣ್ಣದ ಲೇಪ ಎಂಬ ಅರ್ಥವೂ ಇದೆ. ಯಂತ್ರ ಮೊದಲನೆಯದನ್ನು ಹಿಡಿದುಕೊಂಡಿತು. ನಗಬಹುದು, ಆದರೆ ಸರಿಪಡಿಸಲು ಕುಳಿತಾಗ ಎರಡನೆಯ ಅರ್ಥಕ್ಕೆ ನನಗೂ ಒಂದು ಪದ ಸಿಗಲಿಲ್ಲ. ಅದನ್ನು ಕೇಳಲೆಂದೇ ಈ ಪತ್ರ.

ಅದಕ್ಕೆ ಬರುವ ಮುನ್ನ, ಟಿಪ್ಪಣಿಯ ಉಳಿದ ಮಹಾಪರಾಧಗಳನ್ನೂ ಹೇಳಿಬಿಡುತ್ತೇನೆ. ಕೆಲವಕ್ಕೆ ಉತ್ತರ ನನ್ನ ಬಳಿಯೇ ಇದೆ, ತಪ್ಪಿದ್ದರೆ ತಿದ್ದಿ.

ಪ್ಲಮ್ ಒಂದು ‘ಕಲ್ಲಿನ ಹಣ್ಣು’ ಎಂದಿತ್ತು. ಓಟೆ, ಗೊರಟು ಎಂಬ ಎರಡೆರಡು ಒಳ್ಳೆಯ ಪದಗಳಿರುವ ಭಾಷೆಗೆ ಕಲ್ಲು ಹೊರಿಸುವುದು ಏಕೆ? ‘ಓಟೆಹಣ್ಣು’ ಎಂದು ಬದಲಿಸಿದೆ. ‘ಹೀರುಗಗಳನ್ನು ಕಿತ್ತು ತೆಗೆಯಿರಿ’ ಎಂಬುದನ್ನು ಓದಿ ಯಾವುದೋ ಕೀಟ ಎಂದುಕೊಂಡೆ. ಅದು ಕಸಿಯ ಕೆಳಗಿನ ಬೇರಿನಿಂದ ನೆಲ ಸೀಳಿ ಮೇಲೇಳುವ ಚಿಗುರು. ಬಾಳೆಯದಾಗಿದ್ದರೆ ಕಂದು ಎನ್ನಬಹುದಿತ್ತು. ಇಲ್ಲಿ ‘ಬೇರುಚಿಗುರು’ ಸಾಕು. ಅಂದಹಾಗೆ, ಅದನ್ನು ಕತ್ತರಿಯಿಂದ ಕತ್ತರಿಸಿದರೆ ಒಂದಿದ್ದದ್ದು ಮೂರಾಗುತ್ತದೆ. ಮಣ್ಣು ಬಿಡಿಸಿ, ಬುಡದಿಂದಲೇ ಹರಿದು ತೆಗೆಯಬೇಕು. ‘ಕಿತ್ತು’ ಎಂಬ ಕ್ರಿಯಾಪದವನ್ನಾದರೂ ಯಂತ್ರ ಸರಿಯಾಗಿ ಆರಿಸಿತ್ತು. ಕಸಿಯ ಕೆಳಭಾಗಕ್ಕೆ ‘ಬೇರು ದಾಸ್ತಾನು’ ಎಂದಿತ್ತು, ಉಗ್ರಾಣದ ಲೆಕ್ಕಪತ್ರದಂತೆ. ನಮ್ಮ ತೋಟಗಾರಿಕೆಯ ಬರಹಗಳಲ್ಲಿ ‘ಬೇರುಸಸಿ’ ಎಂಬ ಪದ ಬಳಕೆಯಲ್ಲಿದೆ, ಮೇಲಿನದಕ್ಕೆ ‘ಕಸಿಕಡ್ಡಿ’. ಎರಡೂ ಕೂಡುವಲ್ಲಿ ಉಬ್ಬಿಕೊಂಡಿರುವ ಜಾಗವನ್ನು ನಾನು ‘ಕಸಿಗಂಟು’ ಎಂದಿದ್ದೇನೆ. ನೆಡುವಾಗ ಆ ಗಂಟು ಮಣ್ಣಿನಿಂದ ಮೇಲಿರಬೇಕೆಂಬುದು ಮುಖ್ಯವಾದ್ದರಿಂದ ಅದಕ್ಕೊಂದು ಹೆಸರು ಬೇಕೇ ಬೇಕಿತ್ತು.

‘ಪ್ರೂನ್’ ಪದದಲ್ಲಿ ಯಂತ್ರ ಎಡವಿದ್ದನ್ನು ನಾನು ಕ್ಷಮಿಸುತ್ತೇನೆ. ಒಣಗಿಸಿದ ಪ್ಲಮ್ ಹಣ್ಣಿಗೂ ಪ್ರೂನ್ ಎನ್ನುತ್ತಾರೆ, ಕೊಂಬೆ ಸವರುವುದಕ್ಕೂ ಪ್ರೂನ್ ಎನ್ನುತ್ತಾರೆ. ಹಣ್ಣಿನ ಹೆಸರು ಲ್ಯಾಟಿನ್ನಿನ ‘ಪ್ರೂನಮ್’ನಿಂದ ಬಂದದ್ದು, ಪ್ಲಮ್ ಎಂಬುದೂ ಅದೇ ಬೇರಿನದು. ಸವರುವ ಪ್ರೂನ್ ಹಳೆಯ ಫ್ರೆಂಚಿನ ಬೇರೊಂದು ಪದದಿಂದ ಬಂದದ್ದು. ಒಂದೇ ಮರದ ಸುತ್ತ ಸಂಬಂಧವಿಲ್ಲದ ಎರಡು ಪದಗಳು ಒಂದೇ ವೇಷ ತೊಟ್ಟು ಓಡಾಡಿದರೆ ಯಂತ್ರ ಏನು ಮಾಡೀತು? “ಬೇಸಿಗೆಯಲ್ಲಿ ಮಾತ್ರ ಮರವನ್ನು ಒಣಗಿಸಿ” ಎಂದು ಬರೆದುಬಿಟ್ಟಿದೆ. ಕನ್ನಡದಲ್ಲಿ ಈ ಕೆಲಸಕ್ಕೆ ಪದಗಳ ಬರವಿಲ್ಲ: ಸವರುವುದು ಇದೆ, ದ್ರಾಕ್ಷಿ ಬೆಳೆಗಾರರ ಚಾಟ್ನಿ ಇದೆ, ಕಾಫಿಯವರ ಕಪಾತು ಇದೆ, ನೆರಳಿನ ಮರಗಳಿಗೆ ಮರಗಸಿ ಇದೆ. ಯಾವ ಬೆಳೆಗೂ ಸೇರದ ‘ಸವರುವುದು’ ನನಗೆ ಹಿಡಿಸಿತು.

ಆ ವಾಕ್ಯದಲ್ಲಿ ಬೇಸಿಗೆಯೇ ಏಕೆ ಎಂಬುದನ್ನೂ ಟಿಪ್ಪಣಿಯಲ್ಲಿ ಬಿಡಿಸಿ ಬರೆದೆ. ಪ್ಲಮ್ ಜಾತಿಗೆ ಬರುವ ‘ಬೆಳ್ಳಿ ಎಲೆ’ ರೋಗದ ಶಿಲೀಂಧ್ರ ಗಾಯದ ಮೂಲಕ ಮರದೊಳಗೆ ಇಳಿಯುತ್ತದೆ. ತಂಪು ಮತ್ತು ತೇವದ ತಿಂಗಳುಗಳಲ್ಲಿ ಅದರ ಬೀಜಾಣುಗಳ ಹಾರಾಟ ಹೆಚ್ಚು. ಒಣಹವೆಯ ಬೇಸಿಗೆಯಲ್ಲಿ ಕಡಿದ ಗಾಯ ಬೇಗ ಮಾಯುತ್ತದೆ. ಈ ರೋಗದ ಹೆಸರನ್ನು ಮಾತ್ರ ಯಂತ್ರ ಅಕ್ಷರಶಃ ಅನುವಾದಿಸಿಯೂ ಗೆದ್ದಿದೆ. ಎಲೆ ನಿಜವಾಗಿಯೂ ಬೆಳ್ಳಿಯ ಮೆರುಗು ಪಡೆಯುತ್ತದೆ. ಶಿಲೀಂಧ್ರ ಎಲೆಯಲ್ಲಿರುವುದಿಲ್ಲ, ಕಾಂಡದಲ್ಲಿರುತ್ತದೆ. ಅಲ್ಲಿಂದ ಹೊರಟ ನಂಜಿನಿಂದ ಎಲೆಯ ಮೇಲ್ಪದರ ಒಳಗಿನ ಹಸಿರಿನಿಂದ ಬೇರ್ಪಟ್ಟು, ನಡುವೆ ಗಾಳಿ ಸೇರಿ, ಬೆಳಕು ಹಾಗೆ ಮಿಂಚುತ್ತದೆ. ನನ್ನ ಮರಕ್ಕೂ ಒಮ್ಮೆ ಬಂದಿತ್ತು, ನನ್ನದೇ ಅತಿಯಾಸೆಯಿಂದ. ಅದನ್ನು ಮುಂದೆ ಹೇಳುತ್ತೇನೆ.

‘ಸ್ವಯಂ ಫಲವತ್ತಾದ ತಳಿ’ ಎಂಬಲ್ಲಿ ಸ್ವಲ್ಪ ತಡೆದು ನಿಂತೆ. ಫಲವತ್ತು ಎಂದೊಡನೆ ನಮಗೆ ಮಣ್ಣು ನೆನಪಾಗುತ್ತದೆ. ಹಾಗೆಂದು ‘ಸ್ವಪರಾಗಸ್ಪರ್ಶ’ ಎಂದರೂ ಪೂರ್ತಿ ಸರಿಯಲ್ಲ, ಏಕೆಂದರೆ ಪರಾಗ ತಾನಾಗಿ ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣುಭಾಗದ ತುದಿಗೆ, ಹೋಗಿ ಕೂರುವುದಿಲ್ಲ, ಜೇನುನೊಣ ಬರಲೇಬೇಕು. ಹೇಳಬೇಕಾದದ್ದು ಇಷ್ಟು: ಪಕ್ಕದಲ್ಲಿ ಇನ್ನೊಂದು ತಳಿಯ ಪ್ಲಮ್ ಮರ ಇಲ್ಲದಿದ್ದರೂ ಇದು ತನ್ನ ಪರಾಗಕ್ಕೇ ಕಾಯಿ ಕಚ್ಚುತ್ತದೆ. ‘ಕಾಯಿ ಕಚ್ಚುವುದು’ ಎಂಬ ಮಾತು ನಮ್ಮಲ್ಲಿರುವಾಗ ಒಂದು ಸಮಾಸ ಕಟ್ಟಲೇಬೇಕೇ? ‘ಒಂಟಿಯಾಗಿದ್ದರೂ ಕಾಯಿ ಕಚ್ಚುವ ತಳಿ’ ಎಂದು ಬರೆದೆ. ಉದ್ದವಾಯಿತು, ಆದರೆ ಓದಿದವರು ಮತ್ತೆ ಕೇಳುವುದಿಲ್ಲ. ಸಸೆಕ್ಸ್‌ನ ತೋಟವೊಂದರಲ್ಲಿ ಸಿಕ್ಕಿ, 1840ರ ದಶಕದಲ್ಲಿ ಇಂಗ್ಲೆಂಡಿನ ರಾಣಿಯ ಹೆಸರು ಹೊತ್ತು ಮಾರಾಟಕ್ಕೆ ಬಂದ ಈ ತಳಿ ಅಷ್ಟು ಮನೆತೋಟಗಳನ್ನು ಹೊಕ್ಕಿರುವುದಕ್ಕೆ ಈ ಗುಣವೇ ದೊಡ್ಡ ಕಾರಣ. ಒಂದು ಮರಕ್ಕಷ್ಟೇ ಜಾಗ ಇರುವವರಿಗೆ ಒಂದೇ ಮರ ಸಾಕು.

‘ಜೂನ್ ಹನಿ’ ಎಂದರೆ ಏನಿರಬಹುದು, ಹೇಳಿ ನೋಡೋಣ. ಮುಂಗಾರು ಅಲ್ಲ! ಕಚ್ಚಿದ ಹೀಚುಗಳಲ್ಲಿ ತನಗೆ ಹೊರಲಾಗದಷ್ಟನ್ನು ಮರ ತಾನೇ ಉದುರಿಸುವುದು. ಭೂಮಿಯ ಉತ್ತರಾರ್ಧದಲ್ಲಿ ಅದು ಸುಮಾರಾಗಿ ಜೂನ್‌ನಲ್ಲಿ ಆಗುತ್ತದೆ. ದಕ್ಷಿಣಾರ್ಧದವರಿಗೆ ಆ ಹೆಸರೇ ಸುಳ್ಳು. ಕನ್ನಡದಲ್ಲಿ ‘ಹೀಚು ಉದುರುವುದು’ ಎಂದರೆ ಎಲ್ಲ ದೇಶಕ್ಕೂ ಸಲ್ಲುತ್ತದೆ. ಇಲ್ಲಿ ಇಂಗ್ಲಿಷಿಗಿಂತ ನಮ್ಮದೇ ಮೇಲು ಎಂದು ಸಣ್ಣದೊಂದು ಹೆಮ್ಮೆಪಟ್ಟೆ. ಹೀಚು, ಕಾಯಿ, ದೋರೆಗಾಯಿ, ಹಣ್ಣು ಎಂದು ಮೆಟ್ಟಿಲು ಮೆಟ್ಟಿಲಾಗಿ ಹೆಸರಿಟ್ಟವರ ಭಾಷೆ ಇದು.

ಹೀಚು ಉದುರಿದ ಮೇಲೆ ನಾವು ಮಾಡಬೇಕಾದ ಕೆಲಸವನ್ನು ಯಂತ್ರ ‘ಹಣ್ಣುಗಳನ್ನು ತೆಳುಗೊಳಿಸಿ’ ಎಂದಿದೆ. ಹಣ್ಣು ಹೇಗೆ ತೆಳುವಾದೀತು? ‘ವಿರಳಗೊಳಿಸುವುದು’ ಎಂಬುದು ಪುಸ್ತಕದ ಪದ, ತಪ್ಪಿಲ್ಲ. ನಾನು ‘ಕಾಯಿಗಳ ನಡುವೆ ಎಡೆ ಬಿಡಿಸುವುದು’ ಎಂದೆ: ಒಂದು ಕಾಯಿಗೂ ಇನ್ನೊಂದಕ್ಕೂ ನಡುವೆ 5ರಿಂದ 8 ಸೆಂಟಿಮೀಟರ್ ಉಳಿಯುವಂತೆ ಮಿಕ್ಕವನ್ನು ಕಿತ್ತುಹಾಕುವುದು. ಮರದ ಆರನೆಯ ವರ್ಷ ನಾನು ಇದನ್ನು ಮಾಡಲಿಲ್ಲ. ಅಷ್ಟು ಕಾಯಿ ನೋಡಿ ಕೀಳಲು ಮನಸ್ಸು ಬರಲಿಲ್ಲ. ವಿಕ್ಟೋರಿಯಾದ ಕೊಂಬೆ ಮೊದಲೇ ಸುಲಭವಾಗಿ ಮುರಿಯುವಂಥದ್ದು. ಒಂದು ರಾತ್ರಿ ಗಾಳಿಯೂ ಇಲ್ಲದೆ, ಬಟ್ಟೆ ಹರಿದಂಥ ಸದ್ದು. ಬೆಳಗ್ಗೆ ಎದ್ದು ನೋಡಿದರೆ ದೊಡ್ಡ ಕೊಂಬೆಯೊಂದು ಕಾಂಡದ ತೊಗಟೆಯನ್ನೂ ಸೀಳಿಕೊಂಡು ನೆಲಕ್ಕೆ ಒರಗಿತ್ತು, ಕಾಯಿಗಳೆಲ್ಲ ಇನ್ನೂ ಅದರಲ್ಲೇ. ಮುಂದಿನ ವರ್ಷ ಅದೇ ಗಾಯದ ಮೇಲಿನ ಕೊಂಬೆಯಲ್ಲಿ ಬೆಳ್ಳಿ ಎಲೆ. ಕಡಿದು ನೋಡಿದರೆ ಅಡ್ಡಕೊಯ್ತದಲ್ಲಿ ಕಂದು ಕಲೆ. ಕಲೆ ಕಾಣದ ಮರ ಸಿಗುವವರೆಗೆ ಕಡಿದು, ಅದರಾಚೆಗೂ ಒಂದು ಗೇಣು ಕಡಿದೆ. ಮರ ಉಳಿಯಿತು. ಅಂದಿನಿಂದ ಕಾಯಿ ಕೀಳಲು ನನ್ನ ಕೈ ನಡುಗುವುದಿಲ್ಲ, ಭಾರದ ಕೊಂಬೆಗೆ ಕವೆಗೋಲು ಕೊಡುವುದನ್ನೂ ಮರೆಯುವುದಿಲ್ಲ.

ಇನ್ನು ಮೂಲ ಪ್ರಶ್ನೆ.

ಮಾಗಿದ ವಿಕ್ಟೋರಿಯಾ ಹಣ್ಣೊಂದನ್ನು ತೊಟ್ಟು ಹಿಡಿದು ಕಣ್ಣ ಹತ್ತಿರ ತನ್ನಿ. ಮಸುಕಾದ ನೇರಳೆ ಛಾಯೆ, ಉಸಿರು ಬಿಟ್ಟ ಕನ್ನಡಿಯಂತೆ. ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದರೆ ಒರೆಸಿದಷ್ಟೇ ಜಾಗದಲ್ಲಿ ಕೆಂಪು ಹೊಳೆಯುತ್ತದೆ, ಅದರ ಕೆಳಗೆ ಹಳದಿ, ಮೇಲೆ ಸಣ್ಣ ಸಣ್ಣ ಚುಕ್ಕೆ. ಬೆರಳಿನ ಗುರುತು ಹಾಗೆಯೇ ಉಳಿಯುತ್ತದೆ, ಮತ್ತೆ ತುಂಬಿಕೊಳ್ಳುವುದಿಲ್ಲ. ಈ ಲೇಪ ಧೂಳಲ್ಲ, ಔಷಧಿಯ ಶೇಷವೂ ಅಲ್ಲ. ಸಿಪ್ಪೆಯೇ ಹೊರಸೂಸಿದ ಮೇಣದ ಅತಿ ಸಣ್ಣ ಹರಳುಗಳು. ಬೆಳಕನ್ನು ಚದುರಿಸುವುದರಿಂದ ಮಬ್ಬಾಗಿ ಕಾಣುತ್ತವೆ. ಹಣ್ಣಿನ ನೀರು ಆರದಂತೆ ತಡೆಯುತ್ತವೆ, ಮೇಲೆ ಬಿದ್ದ ನೀರನ್ನು ಜಾರಿಸುತ್ತವೆ. ಆದ್ದರಿಂದಲೇ ಹಣ್ಣನ್ನು ಮುಷ್ಟಿಯಲ್ಲಿ ಹಿಡಿಯದೆ ತೊಟ್ಟು ಸಮೇತ ಕೀಳಬೇಕು ಎಂಬ ಸಲಹೆ.

ಇದಕ್ಕೆ ಹೆಸರೇನು? ಮೊದಲು ಹೊಳೆದದ್ದು ‘ಹುಡಿ’. ಆದರೆ ಹುಡಿ ಹೊರಗಿನಿಂದ ಬಂದು ಕೂತದ್ದು ಎನಿಸುತ್ತದೆ, ಓದಿದವರು ತೊಳೆದುಬಿಟ್ಟಾರು. ‘ಮೇಣದ ಪೊರೆ’ ಶಾಸ್ತ್ರಕ್ಕೆ ಸರಿ, ಕಣ್ಣಿಗೆ ಸರಿಯಲ್ಲ. ಮೇಣ ಎಂದರೆ ಹೊಳಪು ನೆನಪಾಗುತ್ತದೆ, ಇದು ಹೊಳಪನ್ನು ಮುಚ್ಚುವಂಥದ್ದು. ‘ಬೂಸ್ಟು’ ಎಂದರೆ ಕೊಳೆತ ಹಣ್ಣು. ಈ ಪತ್ರದ ಕರಡು ಓದಿದ ಒಬ್ಬರು ಹಳಗನ್ನಡದ ‘ಪೊಗರ್’ ಸೂಚಿಸಿದರು. ಕಾಂತಿ ಎಂಬ ಅರ್ಥ ಅದಕ್ಕಿದೆ, ನಿಜ. ಆದರೆ ಒರೆಸಿದ ಮೇಲೆ ಕಾಣುವುದು ಪೊಗರ್. ಒರೆಸುವ ಮುನ್ನ ಇರುವುದಲ್ಲ. ಇಂದಿನವರಿಗೆ ಪೊಗರು ಎಂದರೆ ಸೊಕ್ಕು ಎಂಬ ತೊಡಕು ಬೇರೆ.

ಹೀಗೆ ಅಲೆದಾಡುತ್ತಿದ್ದಾಗ ನೆನಪಾದದ್ದು ಬೂದುಗುಂಬಳ. ಎಳೆಯದಿದ್ದಾಗ ಮೈತುಂಬ ರೋಮ, ಬಲಿತ ಮೇಲೆ ಬಿಳಿಯ ಲೇಪ. ಮುಟ್ಟಿದರೆ ಕೈಗೆ ಹತ್ತುತ್ತದೆ. ಅದೂ ಮೇಣವೇ, ಇಂಗ್ಲಿಷಿನಲ್ಲಿ ಆ ಕಾಯಿಗೆ ಬೂದಿಯ ಹೆಸರೂ ಉಂಟು, ಮೇಣದ ಹೆಸರೂ ಉಂಟು. ಅಂದರೆ ನಾನು ಹುಡುಕುತ್ತಿದ್ದ ವಸ್ತುವನ್ನು ಕನ್ನಡ ಎಂದೋ ಗಮನಿಸಿ, ಹೆಸರಿಟ್ಟು, ಸಮಾಸದ ಪೂರ್ವಪದವಾಗಿ ಕೂರಿಸಿದೆ. ಕುಂಬಳದ ಕಕಾರ ಗಕಾರವಾಗುವ ಗದ್ದಲದಲ್ಲಿ ನಾವು ‘ಬೂದು’ವನ್ನು ಬರೀ ಬಣ್ಣ ಎಂದುಕೊಂಡು ಮುಂದೆ ಹೋಗಿದ್ದೇವೆ. ಹಾಗಾದರೆ ಪ್ಲಮ್ಮಿನ ಮೇಲಿನದನ್ನೂ ‘ಬೂದು’ ಎಂದೇ ನಾಮಪದವಾಗಿ ಬಳಸಬಾರದೇಕೆ? “ಬೂದು ಅಳಿಯದಂತೆ ಹಣ್ಣು ಕೀಳಿ.” ಚಿಕ್ಕದು, ಕಣ್ಣಿಗೆ ಕಟ್ಟುವಂಥದ್ದು.

ಅಡ್ಡಿ ಒಂದೇ, ಅದು ಸಣ್ಣದಲ್ಲ. ‘ಬೂದಿ ರೋಗ’ ಎಂಬುದೊಂದಿದೆ. ಶಿಲೀಂಧ್ರದಿಂದ ಎಲೆ ಮತ್ತು ಹಣ್ಣಿನ ಮೇಲೆ ಬಿಳಿ ಪುಡಿ ಹರಡುವ ಕಾಯಿಲೆ. ಕೆಲವರು ಅದನ್ನು ‘ಬೂದು ರೋಗ’ ಎಂದೂ ಬರೆಯುತ್ತಾರೆ. ಬೂದಿ ಭೂತಿಯ ತದ್ಭವ, ಬೂದು ಅದರ ನಂಟಿನದೇ. ಒಂದು ಸ್ವರದ ಅಂತರ. ರೋಗ ತೇಪೆ ತೇಪೆಯಾಗಿ ಹಬ್ಬುತ್ತದೆ, ಮೇಣ ಹಣ್ಣಿನ ಮೈತುಂಬ ಒಂದೇ ಸಮನಾಗಿರುತ್ತದೆ ಎಂದು ಕಣ್ಣಿಗೆ ಗೊತ್ತಾಗುತ್ತದೆ, ಸರಿ. ಆದರೆ ಓದುವವರ ಮುಂದೆ ಹಣ್ಣಿರುವುದಿಲ್ಲ, ಪದವಿರುತ್ತದೆ. ‘ಬೂದು’ ನೋಡಿ ಒಬ್ಬರು ಗಂಧಕದ ಪುಡಿ ಎರಚಿದರೆ ಪಾಪ ನನಗೆ.

ಇನ್ನೊಂದು ಉಪಪ್ರಶ್ನೆ, ಹಣ್ಣಿನ ಹೆಸರಿನದೇ. ನಾನು ಪ್ಲಮ್ ಎಂದೇ ಉಳಿಸಿದ್ದೇನೆ. ಗೆಳೆಯರು ‘ಆಲೂಬುಖಾರ’ ಎನ್ನಬಾರದೇ ಎಂದರು. ಪರ್ಷಿಯನ್ನಿನಲ್ಲಿ ಆಲೂ ಎಂದರೆ ಪ್ಲಮ್ಮೇ, ಬುಖಾರಾ ಇಂದಿನ ಉಜ್ಬೇಕಿಸ್ತಾನದ ಊರು. ಹಳದಿ ಆಲೂ ‘ಜರ್ದ್ ಆಲೂ’ ಆಗಿ ನಮ್ಮಲ್ಲಿ ಜರ್ದಾಳು (ಏಪ್ರಿಕಾಟ್) ಆಯಿತು. ಸೊಗಸಾದ ವಂಶಾವಳಿ, ಒಪ್ಪುತ್ತೇನೆ. ಆದರೆ ಕನ್ನಡ ಕಿವಿಗೆ ಆಲೂ ಎಂದರೆ ಗಡ್ಡೆ. ಮರದಲ್ಲಿ ಆಲೂ ಬಿಡಿಸುವ ಟಿಪ್ಪಣಿಯನ್ನು ಆ ತಾಯಿಯವರು ಯಂತ್ರದ ತಪ್ಪುಗಳ ಪಟ್ಟಿಗೇ ಸೇರಿಸಿಯಾರು.

ಸದ್ಯಕ್ಕೆ ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದೇನೆ: “ಹಣ್ಣಿನ ಮೇಲೆ ಬೂದುಗುಂಬಳಕ್ಕೆ ಇರುವಂಥದೇ ಬೂದು ಇರುತ್ತದೆ. ಅದು ರೋಗವಲ್ಲ, ಒರೆಸಬೇಡಿ. ತೊಟ್ಟು ಹಿಡಿದು ಕೀಳಿ.” ಒಂದು ಪದ ಸಾಲದೆ ಮೂರು ವಾಕ್ಯ ಬೇಕಾಯಿತು. ದ್ರಾಕ್ಷಿಯ ಮೇಲೂ ಇದೇ ಲೇಪ ಇರುತ್ತದಲ್ಲ, ಅದನ್ನು ಬೆಳೆಯುವವರು, ಕೀಳುವವರು, ಬುಟ್ಟಿಗೆ ತುಂಬುವವರು ದಿನಬಳಕೆಯಲ್ಲಿ ಏನೆನ್ನುತ್ತಾರೆ? ನಿಮ್ಮ ಕಿವಿಗೆ ಬಿದ್ದ ಪದ ಯಾವುದಿದ್ದರೂ ತಿಳಿಸಿ. ಟಿಪ್ಪಣಿಯನ್ನು ಹಣ್ಣು ಮಾಗುವವರೆಗೆ ನನ್ನ ಬಳಿಯೇ ಇಟ್ಟುಕೊಳ್ಳಬಹುದು ಎಂದು ಗೆಳೆಯರು ಹೇಳಿದ್ದಾರೆ, ಈಗಿನ್ನೂ ಹೀಚು.