ಮಾಸ್ಟ್ ಕೋಶ ನಿಜಕ್ಕೂ ಒಡೆಯುತ್ತದೆಯೇ?

ಪ್ರಶ್ನೆ:
ಅಲರ್ಜಿಯ ಸಂದರ್ಭದಲ್ಲಿ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳು ಒಡೆದು, ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತವೆ ಎಂದು ಪಠ್ಯದಲ್ಲಿ ಓದಿದೆ. ಒಡೆದ ಮೇಲೆ ಆ ಕೋಶ ಸಾಯಬೇಕಲ್ಲವೇ? ಪ್ರೋಟೀನೊಂದನ್ನು ತಯಾರಿಸಲು ಕೋಶಕ್ಕೆ ಸಾಕಷ್ಟು ಸಮಯ ಬೇಕಾಗುತ್ತದೆ. ಹಾಗಿರುವಾಗ ಅಲರ್ಜಿಕಾರಕ ತಗುಲಿದ ಕೆಲವೇ ನಿಮಿಷಗಳಲ್ಲಿ ಚರ್ಮ ಕೆಂಪಾಗಿ ಊದಿಕೊಳ್ಳುವುದು ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
‘ಒಡೆಯುವುದು’ ರೂಢಿಯ ಮಾತಷ್ಟೇ. ಕೋಶ ಒಡೆಯುವುದೂ ಇಲ್ಲ, ಸಾಯುವುದೂ ಇಲ್ಲ. ಹಿಸ್ಟಮಿನ್ ಪ್ರೋಟೀನ್ ಅಲ್ಲ, ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಿಂದಾಗುವ ಸಣ್ಣ ಅಣು. ಅದು ಮೊದಲೇ ತಯಾರಾಗಿ ಕೋಶದೊಳಗಿನ, ಪೊರೆ ಸುತ್ತಿದ ಕಣಗಳಲ್ಲಿ ಹೆಪಾರಿನ್ ಎಂಬ ಸಕ್ಕರೆ ಸರಪಳಿಗೆ ಅಂಟಿಕೊಂಡು ಕಾದಿರುತ್ತದೆ. (1878ರಲ್ಲಿ ಈ ಕೋಶಗಳಿಗೆ ಹೆಸರಿಟ್ಟ ಪೌಲ್ ಎರ್ಲಿಚ್, ಕಣಗಳಿಂದ ತುಂಬಿದ ಇವನ್ನು ಚೆನ್ನಾಗಿ ಉಂಡು ಕೊಬ್ಬಿದ ಕೋಶಗಳೆಂದು ಭಾವಿಸಿದ್ದರು.)

ಕೋಶಪೊರೆಯ ಮೇಲಿನ ಗ್ರಾಹಕಗಳಲ್ಲಿ ಅಲರ್ಜಿಕಾರಕವನ್ನು ಗುರುತಿಸುವ ಐಜಿಇ ಎಂಬ ಪ್ರತಿಕಾಯಗಳು ಮುಂಚಿತವಾಗಿಯೇ ಕೂತಿರುತ್ತವೆ. ಅಲರ್ಜಿಕಾರಕವು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದಾಗ ಗ್ರಾಹಕಗಳು ಒಂದೆಡೆ ಸೇರಿ, ಲಿನ್ ಮತ್ತು ಸಿಕ್ ಎಂಬ ಕಿಣ್ವಗಳು ಚುರುಕಾಗುತ್ತವೆ. ಅವುಗಳಿಂದ ಹೊರಟ ಸಂಕೇತವು ಕೋಶದೊಳಗಿನ ಕ್ಯಾಲ್ಸಿಯಂ ದಾಸ್ತಾನಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿದ್ದ ಕ್ಯಾಲ್ಸಿಯಂ ಅನ್ನು ಬಿಡಿಸುತ್ತದೆ, ಆ ದಾಸ್ತಾನು ಇಳಿದದ್ದನ್ನು ಗ್ರಹಿಸುವ ಸ್ಟಿಮ್1 ಪ್ರೋಟೀನ್ ಕೋಶಪೊರೆಯ ಒರಾಯ್1 ಕಾಲುವೆಯನ್ನು ತೆರೆಯುವುದರಿಂದ ಹೊರಗಿನ ಕ್ಯಾಲ್ಸಿಯಂ ಕೂಡ ಒಳನುಗ್ಗುತ್ತದೆ. ಕ್ಯಾಲ್ಸಿಯಂ ಏರಿದಾಗ ಸ್ನೇರ್ ಪ್ರೋಟೀನುಗಳು ಕಣದ ಪೊರೆಯನ್ನು ಕೋಶಪೊರೆಯ ಹತ್ತಿರಕ್ಕೆ ಎಳೆದು ಎರಡನ್ನೂ ಬೆಸೆಯುತ್ತವೆ. ಬೆಸುಗೆಯಾದಲ್ಲಿ ರಂಧ್ರ ತೆರೆದುಕೊಂಡು, ಹೊರಗಿನ ಸೋಡಿಯಂ ಅಯಾನುಗಳು ಹೆಪಾರಿನ್ ಮೇಲಿನ ಹಿಸ್ಟಮಿನ್‌ನ ಸ್ಥಾನವನ್ನು ಆಕ್ರಮಿಸಿ ಅದನ್ನು ಸಡಿಲಿಸುತ್ತವೆ. ಹಿಸ್ಟಮಿನ್ ಕೂಡಲೇ ಹರಡಿಹೋದರೆ, ಟ್ರಿಪ್ಟೇಸ್ ಕಿಣ್ವ ಹೆಪಾರಿನ್ ಜೊತೆಗೇ ಉಳಿದು ನಿಧಾನವಾಗಿ ಸಾಗುತ್ತದೆ. ಕೋಶವು ಮುಂದೆ ಹೊಸ ಕಣಗಳನ್ನು ತುಂಬಿಕೊಳ್ಳುತ್ತದೆ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಅದನ್ನಷ್ಟೇ ಓದಿದವರಿಗೆ ಎಲ್ಲವೂ ಕಣಗಳಿಂದಲೇ ಬರುತ್ತದೆ ಎನಿಸಬಹುದು. ಅದೇ ಕ್ಯಾಲ್ಸಿಯಂ ಏರಿಕೆಯಿಂದ ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವ ಚುರುಕಾಗಿ ಪೊರೆಯ ಕೊಬ್ಬಿನಿಂದ ಅರಾಕಿಡೋನಿಕ್ ಆಮ್ಲವನ್ನು ಬಿಡಿಸುತ್ತದೆ. ಅದರಿಂದ ಪ್ರೋಸ್ಟಗ್ಲಾಂಡಿನ್ ಡಿ2 ಹಾಗೂ ಲ್ಯೂಕೋಟ್ರೈನ್ ಸಿ4 ಎಂಬ ಉರಿಯೂತದ ಅಣುಗಳು ನಿಮಿಷಗಳಲ್ಲಿ ಹೊಸದಾಗಿ ತಯಾರಾಗುತ್ತವೆ. ಶ್ವಾಸನಾಳ ಬಿಗಿಯುವುದರಲ್ಲಿ ಲ್ಯೂಕೋಟ್ರೈನ್‌ಗಳದು ಹಿಸ್ಟಮಿನ್‌ಗಿಂತ ಹೆಚ್ಚಿನ ಪಾತ್ರ. ತಾವು ಕೇಳಿದ ಪ್ರೋಟೀನ್ ತಯಾರಿಕೆಯ ವಿಳಂಬ ಸೈಟೋಕೈನ್‌ಗಳೆಂಬ ಸಂಕೇತ ಪ್ರೋಟೀನುಗಳಿಗೆ ಅನ್ವಯಿಸುತ್ತದೆ: ಐಎಲ್-13ರಂಥವು ಜೀನ್‌ಗಳು ಚುರುಕಾದ ಮೇಲೆ ಗಂಟೆಗಳ ನಂತರ ಬಂದು, ಇಯೋಸಿನೊಫಿಲ್ ಮುಂತಾದ ಬಿಳಿ ರಕ್ತಕೋಶಗಳನ್ನು ಕರೆಸಿ, ಇಳಿದಂತೆ ಕಂಡ ಊತವನ್ನು ಮತ್ತೆ ಏರಿಸಬಹುದು. ಆಂಟಿಹಿಸ್ಟಮಿನ್ ಮಾತ್ರೆ ಬಿಡುಗಡೆಯನ್ನು ತಡೆಯುವುದಿಲ್ಲ, ಹಿಸ್ಟಮಿನ್ ಹೋಗಿ ಕೂರುವ ಗ್ರಾಹಕವನ್ನಷ್ಟೇ ಮುಚ್ಚುತ್ತದೆ. ಆದ್ದರಿಂದಲೇ ಇಡೀ ದೇಹವನ್ನು ಆವರಿಸುವ ತೀವ್ರ ಅಲರ್ಜಿಯಾದ ಅನಾಫಿಲಾಕ್ಸಿಸ್‌ನಲ್ಲಿ ಮೊದಲ ಔಷಧ ಅಡ್ರಿನಲಿನ್.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಐಜಿಇ ಮೊದಲೇ ಕೂತಿರಬೇಕೆಂದರೆ, ಕೆಲವು ಔಷಧಗಳು ಮೊದಲ ಸಲ ಕೊಟ್ಟಾಗಲೇ ಮೈ ಕೆಂಪಾಗಿಸುವುದು ಏಕೆ?

ಉತ್ತರ 1:
ಅಲ್ಲಿ ಐಜಿಇಯ ಅಗತ್ಯವೇ ಇಲ್ಲ. ಚರ್ಮದ ಮಾಸ್ಟ್ ಕೋಶಗಳಲ್ಲಿ ಎಂಆರ್‌ಜಿಪಿಆರ್‌ಎಕ್ಸ್2 ಎಂಬ ಮತ್ತೊಂದು ಗ್ರಾಹಕವಿದ್ದು, ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕದಂಥ ಔಷಧವೂ ನರತುದಿಗಳಿಂದ ಬರುವ ಸಬ್‌ಸ್ಟೆನ್ಸ್ ಪಿ ಎಂಬ ಅಣು ಕೂಡ ಅದನ್ನು ನೇರವಾಗಿ ಚುರುಕುಗೊಳಿಸುತ್ತವೆ. ಈ ಪ್ರತಿಕ್ರಿಯೆ ರಕ್ತದಲ್ಲಿ ಔಷಧದ ಪ್ರಮಾಣ ಎಷ್ಟು ಬೇಗ ಏರುತ್ತದೆ ಎಂಬುದನ್ನು ಅವಲಂಬಿಸಿರುವುದರಿಂದ, ವ್ಯಾಂಕೊಮೈಸಿನ್ ಅನ್ನು ಡ್ರಿಪ್‌ನಲ್ಲಿ ನಿಧಾನವಾಗಿ ಹರಿಸುತ್ತಾರೆ.