ನಾರ್ವೇಜಿಯನ್ 'ಸ್ಕೀ' ಪದದ ಮೂಲ: ಹಿಮವೋ, ಸೌದೆಯೋ?

ಪ್ರಶ್ನೆ:
ನಾರ್ವೇಜಿಯನ್ ಕಲಿಯಲು ಶುರು ಮಾಡಿದ್ದೇನೆ. ಹಿಮದ ಮೇಲೆ ಜಾರುವ ಪಟ್ಟಿಗೆ ನಾವು 'ಸ್ಕೀ' ಅನ್ನುತ್ತೇವೆ, ಅಲ್ಲಿಯವರು 'ಶೀ' ಅನ್ನುತ್ತಾರೆ. ನಿಘಂಟು ತಿರುವಿ ಹಾಕುವಾಗ ಸೌದೆಯ ಸೀಳಿಗೂ 'ವೇದ್‌ಶೀ' ಎಂಬ ಪದ ಸಿಕ್ಕಿತು. ಎರಡಕ್ಕೂ ನಂಟಿದೆಯೇ, ಇಲ್ಲಾ ಕಾಕತಾಳೀಯವೇ? ಬಲ್ಲವರು ತಿಳಿಸಿ, ಎರಡು ದಿನದಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ.

ಉತ್ತರ:
ನಂಟಿದೆ, ಅದರಲ್ಲೂ ಸೌದೆಯೇ ಹಿರಿಯಣ್ಣ. ನಾರ್ವೇಜಿಯನ್‌ನ ಪೂರ್ವಜವಾದ ಹಳೆಯ ನಾರ್ಸ್ ಭಾಷೆಯ 'ಸ್ಕೀದ್' ಅಂದರೆ ಸೀಳಿದ ಮರದ ತುಂಡು. ಜಾರುಪಟ್ಟಿಯನ್ನೂ ಮರ ಸೀಳಿಯೇ ಮಾಡುತ್ತಿದ್ದರು, ಹೆಸರು ಅದಕ್ಕೂ ಅಂಟಿಕೊಂಡಿತು. ನಾರ್ವೆಯ ಹಳ್ಳಿಗಾಡಿನಲ್ಲಿ ಸೀಳುಮರಗಳನ್ನು ಓರೆಯಾಗಿ ಜೋಡಿಸಿ ಕಟ್ಟುವ ಬೇಲಿಗೆ 'ಶೀಗಾರ್' ಎಂದೇ ಹೆಸರು. ಅದರ ಚಿತ್ರ ಒಮ್ಮೆ ನೋಡಿ, ಪದದ ಹುಟ್ಟು ಕಣ್ಣಿಗೇ ಕಾಣುತ್ತದೆ. ಜರ್ಮನ್‌ನಲ್ಲಿ ಸೌದೆಯ ಸೀಳಿಗೆ ಇಂದಿಗೂ 'ಶೈಟ್' ಅನ್ನುತ್ತಾರೆ. ಅದೂ ಇದೇ ಮನೆತನದ್ದು.

ಇನ್ನೊಂದು ಉತ್ತರ:
ಉಚ್ಚಾರದ ಬಗ್ಗೆ ನಾನು ಸೇರಿಸುತ್ತೇನೆ. ನಾರ್ವೇಜಿಯನ್‌ನಲ್ಲಿ 'ಇ'ಕಾರಕ್ಕೆ ಮೊದಲು ಬಂದ 'ಸ್ಕ' ಕಾಲಕ್ರಮದಲ್ಲಿ 'ಶ' ಆಯಿತು, ಬರವಣಿಗೆ ಮಾತ್ರ ಹಳೆಯದೇ ಉಳಿಯಿತು. ಇಂಗ್ಲಿಷಿನವರು ಬರೆದದ್ದನ್ನು ನೋಡಿ 'ಸ್ಕೀ' ಎಂದು ಓದಿಕೊಂಡರು. ಇಂಗ್ಲಿಷಿನ ಸ್ವಂತ ಪದಗಳಲ್ಲಿ 'ಸ್ಕ' ಅದಕ್ಕೂ ಮೊದಲೇ 'ಶ' ಆಗಿತ್ತು, 'ಶಿಪ್' ಇದ್ದ ಹಾಗೆ. 'ಸ್ಕೈ', 'ಸ್ಕಿನ್' ಮುಂತಾದವು ನಾರ್ಸ್‌ನಿಂದ ಬಂದ ಎರವಲು, ಅದಕ್ಕೇ ಅಲ್ಲಿ 'ಸ್ಕ' ಉಳಿದಿದೆ. ಅಂದಹಾಗೆ, ಇಂಗ್ಲಿಷಿನಲ್ಲಿ ಆಕಾಶವಾದ ಆ 'ಸ್ಕೈ' ನಾರ್ವೆಯಲ್ಲಿ ಈಗಲೂ ಮೋಡವೇ.

ಪ್ರಶ್ನೆ ಕೇಳಿದವರು:
ತುಂಬಾ ಧನ್ಯವಾದ ಸರ್. ಸೀಳು ಅಂದಮೇಲೆ ಸಂಸ್ಕೃತದ 'ಛಿದ್' ನೆನಪಾಯಿತು. ಅದಕ್ಕೂ ಸಂಬಂಧ ಉಂಟೇ?

ಮೊದಲು ಉತ್ತರಿಸಿದವರು:
ಉಂಟು, ಆದರೆ ದಾಯಾದಿ ಸಂಬಂಧ. ಸೀಳು, ಕತ್ತರಿಸು ಎಂಬರ್ಥದ 'ಸ್ಕೇಯ್' ಎಂಬ ಇಂಡೋ-ಯುರೋಪಿಯನ್ (ಸಂಸ್ಕೃತ, ಗ್ರೀಕ್, ಇಂಗ್ಲಿಷ್ ಮುಂತಾದವುಗಳ ಮೂಲಭಾಷೆಯ) ಧಾತುವನ್ನು ವಿದ್ವಾಂಸರು ಊಹಿಸಿದ್ದಾರೆ. ಅದಕ್ಕೆ 'ದ' ಸೇರಿದ ಕವಲಿನಿಂದ ನಮ್ಮ ಛಿದ್ರ, ವಿಚ್ಛೇದನ ಬಂದವು. ಗ್ರೀಕ್ ಮೂಲದ 'ಸ್ಕಿಜೋಫ್ರೇನಿಯಾ'ದ ಮೊದಲರ್ಧವೂ ಅದೇ. 'ತ' ಸೇರಿದ ಕವಲಿನಿಂದ ಸ್ಕೀ ಬಂತು. ಮೂಲದ 'ದ'ಕಾರ ನಾರ್ವೇಜಿಯನ್, ಇಂಗ್ಲಿಷ್ ಮುಂತಾದ ಜರ್ಮ್ಯಾನಿಕ್ ಭಾಷೆಗಳಲ್ಲಿ 'ತ'ಕಾರವಾಗಿ ಬದಲಾಗುತ್ತದೆ. ಆದ್ದರಿಂದ ನಾರ್ವೇಜಿಯನ್‌ನಲ್ಲಿ 'ಛಿದ್'ನ ನಿಜವಾದ ಒಡಹುಟ್ಟು ಸ್ಕೀ ಅಲ್ಲ, ಕೊಳಕು, ಮಲ ಎಂಬರ್ಥದ 'ಶಿತ್'. ಮೈಯಿಂದ ಬೇರ್ಪಟ್ಟದ್ದು ಎಂಬ ಅರ್ಥದಿಂದ ಆ ಪದ ಬಂದಿದೆ.