ಹಳೇ ಪದ್ಮಿನಿ: ಬ್ರೇಕ್ ಆಯಿಲ್ ಇಳಿಯುತ್ತಿದೆ, ನೆಲದ ಮೇಲೆ ಹನಿ ಇಲ್ಲ, ಎಲ್ಲಿ ಹೋಗುತ್ತಿದೆ?

ಮಂಡ್ಯ ಪದ್ಮಿನಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1984ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ತಗೊಂಡ ಗಾಡಿ, ಅವರು ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ, ಮಾರುವ ಮಾತೇ ಇಲ್ಲ. ಭಾನುವಾರ ಮಂಡ್ಯದೊಳಗೆ ಒಂದು ಸುತ್ತು, ತಿಂಗಳಿಗೊಮ್ಮೆ ಮೈಸೂರಿಗೆ ಅಕ್ಕನ ಮನೆಗೆ, ಅಷ್ಟೇ ಓಡಾಟ.

ತೊಂದರೆ ಏನಂದರೆ ಬ್ರೇಕ್ ಆಯಿಲ್ ಕಡಿಮೆ ಆಗುತ್ತಿದೆ. ಬಾನೆಟ್ ಎತ್ತಿ ಡಬ್ಬಿ ನೋಡಿದರೆ ಹದಿನೈದು ದಿನಕ್ಕೆ ಹೆಚ್ಚುಕಮ್ಮಿ ಒಂದು ಬೆರಳು ಇಳಿದಿರುತ್ತದೆ. ಶೆಡ್ಡಿನ ನೆಲದ ಮೇಲೆ ಒಂದು ಹನಿಯೂ ಇಲ್ಲ. ಪೆಡಲ್ ಮೊದಲ ಸಲ ಒತ್ತಿದರೆ ಆಳಕ್ಕೆ ಹೋಗುತ್ತದೆ, ತಕ್ಷಣ ಇನ್ನೊಂದು ಸಲ ಒತ್ತಿದರೆ ಮೇಲೆ ಸಿಗುತ್ತದೆ. ನಾನೂ ಆಯಿಲ್ ತುಂಬಿಸಿಕೊಂಡು ಓಡಿಸುತ್ತಿದ್ದೆ. ಹೋದ ವಾರ ಅಕ್ಕನ ಮಕ್ಕಳನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆ. ಇಳಿಯುವಾಗ ಒಂದು ತಿರುವಿನಲ್ಲಿ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯಿತು, ಗಾಡಿ ಸ್ವಲ್ಪ ಬಲಕ್ಕೆ ಎಳೆಯಿತು. ಎರಡನೇ ಗೇರಿಗೆ ಹಾಕಿ, ಪೆಡಲ್ ಪಂಪ್ ಮಾಡುತ್ತಾ, ಹ್ಯಾಂಡ್ ಬ್ರೇಕ್ ಮೇಲೆ ಕೈ ಇಟ್ಟುಕೊಂಡು ಕೆಳಗೆ ಬಂದೆ. ಮಕ್ಕಳಿಗೆ ಏನೂ ಗೊತ್ತಾಗಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆರು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಹಿಂದಿನ ಎರಡೂ ವೀಲ್ ಸಿಲಿಂಡರಿಗೆ (ಚಕ್ರದೊಳಗೆ ಬ್ರೇಕ್ ಒತ್ತುವ ಸಿಲಿಂಡರ್) ಹೊಸ ಕಿಟ್, ಅಂದರೆ ಒಳಗಿನ ರಬ್ಬರುಗಳು, ಹಾಕಿಸಿದ್ದೆ. ಈಗ ಒಬ್ಬರು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಸಿಲಿಂಡರ್) ಹೋಗಿದೆ, ಪೂರ್ತಿ ಬದಲಾಯಿಸಿ ಅನ್ನುತ್ತಾರೆ. ಇನ್ನೊಬ್ಬರು ಹಿಂದಿನ ಎಡ ಚಕ್ರದ ಒಳಗಡೆ ಒದ್ದೆ ಇರೋದು ನೋಡಿ, ಅದು ಹೌಸಿಂಗ್ ಆಯಿಲ್ (ಹಿಂದಿನ ಆಕ್ಸಲ್ಲಿನ ಗೇರ್ ಆಯಿಲ್), ಬ್ರೇಕಿಗೂ ಅದಕ್ಕೂ ಸಂಬಂಧ ಇಲ್ಲ ಅಂದರು. ಸುಮ್ನೆ ಒಂದೊಂದೇ ಸಾಮಾನು ಬದಲಾಯಿಸುತ್ತಾ ಹೋಗೋಕೆ ನನಗೆ ಇಷ್ಟ ಇಲ್ಲ. ಎಲ್ಲಿ ಸೋರುತ್ತಿದೆ ಅಂತ ಖಚಿತವಾಗಿ ಪತ್ತೆ ಮಾಡೋದು ಹೇಗೆ?

ಒಂಟಿಕೊಪ್ಪಲು ಹಳೇಗಾಡಿ:

ಸರ್, ಮೊದಲು ಒಂದು ಮಾತು. ಸೋರಿಕೆ ಸಿಗುವ ತನಕ ಗಾಡಿ ಶೆಡ್ಡಿನಿಂದ ಆಚೆ ತೆಗೆಯಬೇಡಿ, ಬೀದಿ ಕೊನೆಯ ಅಂಗಡಿಗೂ ಬೇಡ. ಈಗಿನ ಕಾರುಗಳಲ್ಲಿ ಬ್ರೇಕ್ ಲೈನು ಎರಡು ಭಾಗ, ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ. ನಿಮ್ಮ ಗಾಡಿಯಲ್ಲಿ ಒಂದೇ ಲೈನು. ಎಲ್ಲೋ ಒಂದು ಕಡೆ ರಬ್ಬರ್ ಕಿತ್ತುಕೊಂಡರೆ ನಾಲ್ಕು ಚಕ್ರಕ್ಕೂ ಬ್ರೇಕ್ ಇಲ್ಲ. ಆಮೇಲೆ ಉಳಿಯೋದು ಕೇಬಲ್ಲಿನ ಹ್ಯಾಂಡ್ ಬ್ರೇಕ್ ಒಂದೇ. ಅದೂ ಹಿಂದಿನ ಶೂಗಳನ್ನೇ (ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಒತ್ತುವ ತುಂಡು) ಹಿಡಿಯೋದು, ಆ ಶೂ ಆಯಿಲ್ ಕುಡಿದಿದ್ದರೆ ಅದನ್ನೂ ನಂಬೋ ಹಾಗಿಲ್ಲ.

ಬನ್ನಿಮಂಟಪ ಗ್ಯಾರೇಜ್:

ಮೇಲಿನವರು ಹೇಳಿದ್ದು ಸರಿ. ನಾನು ಫಿಯೆಟ್ಟು, ಅಂಬಾಸಿಡರ್ ಬಿಚ್ಚಿಯೇ ಕೆಲಸ ಕಲಿತವನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಮಾತಿನಲ್ಲೇ ಅರ್ಧ ಉತ್ತರ ಇದೆ. ಮಾಸ್ಟರ್ ಸಿಲಿಂಡರ್ ಒಳಗಿನ ಕಪ್ (ಆಯಿಲ್ ತಡೆಯುವ ರಬ್ಬರ್) ಸವೆದರೆ ಪೆಡಲ್ ಕಾಲ ಕೆಳಗೆ ನಿಧಾನವಾಗಿ ಕುಸಿಯುತ್ತದೆ ನಿಜ, ಆದರೆ ಆಯಿಲ್ ಒಳಗೊಳಗೇ ಡಬ್ಬಿಗೆ ವಾಪಸ್ ಹೋಗುತ್ತದೆ, ಡಬ್ಬಿ ಖಾಲಿ ಆಗಲ್ಲ. ನಿಮ್ಮದು ಇಳಿಯುತ್ತಿದೆ. ಅಂದರೆ ಆಯಿಲ್ ಹೊರಗೆ ಹೋಗುತ್ತಿದೆ. ಡಿಸ್ಕ್ ಬ್ರೇಕ್ ಗಾಡಿಯಲ್ಲಾದರೆ ಪ್ಯಾಡ್ ಸವೆದ ಹಾಗೆ ಮಟ್ಟ ಸಹಜವಾಗಿ ಇಳಿಯುತ್ತದೆ. ನಿಮ್ಮದು ನಾಲ್ಕೂ ಡ್ರಮ್ಮು, ಶೂ ಸವೆದರೆ ಅಡ್ಜಸ್ಟ್ ಮಾಡುತ್ತೇವೆ, ಹದಿನೈದು ದಿನಕ್ಕೆ ಒಂದು ಬೆರಳು ಇಳಿಯೋಕೆ ಸೋರಿಕೆ ಬಿಟ್ಟು ಬೇರೆ ಕಾರಣ ಇಲ್ಲ.

ಎಡ ಚಕ್ರದ ಒದ್ದೆ ಬ್ರೇಕ್ ಆಯಿಲ್ಲೋ ಹೌಸಿಂಗ್ ಆಯಿಲ್ಲೋ ಅಂತ ಜಗಳ ಬೇಡ. ಒಂದು ಲೋಟ ನೀರು ತಗೊಳ್ಳಿ. ಒದ್ದೆಯನ್ನು ಕಡ್ಡಿಯಲ್ಲಿ ಕೆರೆದು ನಾಲ್ಕು ಹನಿ ನೀರಿಗೆ ಬಿಡಿ. ಬ್ರೇಕ್ ಆಯಿಲ್ ಆದರೆ ನೀರಿನಲ್ಲಿ ಕರಗಿಹೋಗುತ್ತದೆ. ಹೌಸಿಂಗ್ ಆಯಿಲ್ ಆದರೆ ಮೇಲೆ ತೇಲುತ್ತದೆ, ಗಂಧಕದ ಘಾಟು ವಾಸನೆಯೂ ಇರುತ್ತದೆ.

ಆಮೇಲೆ ಪೈಪು, ಜಾಯಿಂಟು, ನಾಲ್ಕು ಚಕ್ರದ ಹಿಂದಿನ ತಗಡು, ಎಲ್ಲವನ್ನೂ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಒರೆಸದೆ ಹುಡುಕಿದರೆ ಹಳೇ ಜಿಡ್ಡಿನಲ್ಲಿ ಹೊಸ ಸೋರಿಕೆ ಕಾಣಲ್ಲ. ಮನೆಯವರೊಬ್ಬರನ್ನು ಕೂರಿಸಿ ಪೆಡಲ್ ಜೋರಾಗಿ ಒತ್ತಿ ಒಂದು ನಿಮಿಷ ಹಿಡಿಯೋಕೆ ಹೇಳಿ, ನೀವು ಟಾರ್ಚ್ ಹಿಡಿದು ಒಂದೊಂದೇ ಜಾಯಿಂಟ್ ನೋಡಿ. ಮಾಸ್ಟರಿನ ಪೆಡಲ್ ಕಡೆಯ ರಬ್ಬರ್ ಬೂಟ್ ಎತ್ತಿ ನೋಡೋದು ಮರೆಯಬೇಡಿ, ಅಲ್ಲಿ ಒದ್ದೆ ಇದ್ದರೆ ಮಾಸ್ಟರೂ ಹೊರಗೆ ಬಿಡುತ್ತಿದೆ ಅಂತ. ನೆಲ ಒಣಗಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ವೀಲ್ ಸಿಲಿಂಡರ್ ಸೋರಿದರೆ ಮೊದಲು ಡ್ರಮ್ಮಿನೊಳಗೇ ತುಂಬಿಕೊಳ್ಳುತ್ತದೆ, ಶೂ ಮೇಲಿನ ಲೈನಿಂಗ್ ಅದನ್ನು ಕುಡಿಯುತ್ತದೆ, ಕೊನೆಗೆ ಟೈರಿನ ಒಳಮೈಗೆ ಬರುತ್ತದೆ. ಗಾಡಿ ಬಲಕ್ಕೆ ಎಳೆಯಿತು ಅಂದಿರಲ್ಲ, ಎಡಗಡೆ ಶೂ ಜಾರುತ್ತಿದೆ ಅಂತ ನನ್ನ ಅನುಮಾನ.

ಡ್ರಮ್ ಬಿಚ್ಚುವ ಮುಂಚೆ ಮುಂದಿನ ಚಕ್ರಕ್ಕೆ ಕಲ್ಲು ಕೊಡಿ, ಜಾಕಿ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಒಳಗಿನ ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ. ಹಳೇ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಮಂಡ್ಯ ಪದ್ಮಿನಿ:

ಅಣ್ಣ, ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೇ ಮಾಡಿದೆ. ಎರಡು ಲೋಟ ಇಟ್ಟೆ. ಒಂದಕ್ಕೆ ಚಕ್ರದ ಒದ್ದೆ, ಇನ್ನೊಂದಕ್ಕೆ ಹೋಲಿಸೋಕೆ ಅಂತ ಹೌಸಿಂಗಿಗೆ ಹಾಕುವ ಹೊಸ ಆಯಿಲ್. ಎರಡನೆಯದು ಬಣ್ಣ ಬಣ್ಣದ ಪೊರೆಯಾಗಿ ಮೇಲೇ ನಿಂತಿತು. ಮೊದಲನೆಯದು ಕಡ್ಡಿ ಆಡಿಸಿದ ತಕ್ಷಣ ಕಾಣೆಯಾಯಿತು. ಬ್ರೇಕ್ ಆಯಿಲ್ಲೇ.

ಮಾಸ್ಟರಿನ ಬೂಟ್ ಒಳಗೆ ಒಣಗಿದೆ. ಜಾಯಿಂಟುಗಳೂ ಒಣಗಿವೆ. ಹಿಂದಿನ ಎಡ ಡ್ರಮ್ ಬರಲೇ ಇಲ್ಲ, ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ, ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ಅರ್ಧ ಗಂಟೆ ಒದ್ದಾಡಿದ ಮೇಲೆ ಬಂತು. ಒಳಗಡೆ ಒಂದು ಶೂ ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು, ಮುಟ್ಟಿದರೆ ಜಾರುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಬೂಟಿನ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಲ್ಲಿ ಎತ್ತಿದೆ ನೋಡಿ, ಡಿಕಾಕ್ಷನ್ ಬಣ್ಣದ ಆಯಿಲ್ ಬೆರಳ ಮೇಲೆ ಇಳಿದು ಮಣಿಕಟ್ಟಿನ ತನಕ ಹರಿಯಿತು. ಪಿಸ್ಟನ್, ಕಪ್ ಎಲ್ಲ ತೆಗೆದು ಒರೆಸಿ ಒಳಗೆ ಟಾರ್ಚ್ ಬಿಟ್ಟೆ. ಕಪ್ ಕೂರುವ ಜಾಗದಲ್ಲಿ, ಕೆಳಭಾಗದಲ್ಲಿ, ಸಿಡುಬಿನ ಕಲೆ ಥರ ಸಣ್ಣ ಸಣ್ಣ ಗುಳಿಗಳಿವೆ. ಉಗುರು ಆಡಿಸಿದರೆ ತಡೆಯುತ್ತದೆ. ಕಪ್ ಮಾತ್ರ ಹೊಸದೇ, ಆರು ತಿಂಗಳ ಹಿಂದಿನದು. ಆ ಗುಳಿ ಬಿದ್ದ ಸಿಲಿಂಡರಿಗೇ ಹೊಸ ರಬ್ಬರ್ ಹಾಕಿ ಮುಚ್ಚಿದ್ದಾರೆ ಅಲ್ವಾ? ಬಿಚ್ಚಿದಾಗ ಒಂದು ಮಾತು ಹೇಳಿದ್ದರೆ ಆಗಲೇ ಸಿಲಿಂಡರ್ ಬದಲಾಯಿಸುತ್ತಿದ್ದೆ. ಮಕ್ಕಳನ್ನು ಕೂರಿಸಿಕೊಂಡು ಬೆಟ್ಟ ಹತ್ತಿದ್ದು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಇದನ್ನು ಎಮ್ರಿ ಪೇಪರಿನಲ್ಲಿ ಉಜ್ಜಿದರೆ ಸರಿಹೋಗುತ್ತಾ?

ಬನ್ನಿಮಂಟಪ ಗ್ಯಾರೇಜ್:

ಇಲ್ಲ ಸರ್. ಬರೀ ಕಲೆ ಇದ್ದರೆ ನಯವಾಗಿ ಹೋನ್ ಮಾಡಬಹುದು, ಅಂದರೆ ಉಜ್ಜಿ ನುಣುಪು ಮಾಡಬಹುದು. ಉಗುರು ತಡೆದರೆ ಆ ಬೋರು (ಸಿಲಿಂಡರಿನ ಒಳಗಿನ ತೂತು) ಮುಗೀತು. ಗುಳಿ ಹೋಗುವ ತನಕ ಉಜ್ಜಿದರೆ ಬೋರು ದೊಡ್ಡದಾಗುತ್ತದೆ, ಕಪ್ ಸಡಿಲ ಆಗುತ್ತದೆ. ಹೊಸ ಸಿಲಿಂಡರ್ ಹಾಕಿ. ಸಿಗದಿದ್ದರೆ ಗೊತ್ತಿರುವ ಲೇತಿನವರ ಹತ್ತಿರ ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಸ್ಲೀವ್ (ಬೋರಿನೊಳಗೆ ಕೂರಿಸುವ ಕೊಳವೆ) ಹಾಕಿಸಬಹುದು, ಬಾಳಿಕೆ ಚೆನ್ನಾಗಿರುತ್ತದೆ. ಬಲಗಡೆಯದೂ ಬಿಚ್ಚಿ ನೋಡಿ, ಅದೇ ವಯಸ್ಸಿನದು.

ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವವರಿದ್ದಾರೆ. ಬೇಡ. ಬಿಸಿ ಆದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ. ಹಿಂದಿನ ಎರಡೂ ಚಕ್ರಕ್ಕೆ ಜೊತೆಯಾಗಿ ಹೊಸ ಲೈನಿಂಗ್ ಹಾಕಿಸಿ, ಒಂದೇ ಕಡೆ ಹಾಕಿದರೆ ಗಾಡಿ ಎಳೆಯುತ್ತದೆ. ಸಿಲಿಂಡರ್ ಭಾಗಗಳನ್ನು ಪೆಟ್ರೋಲು, ಡೀಸೆಲ್, ಸೀಮೆಎಣ್ಣೆ ಯಾವುದರಲ್ಲೂ ತೊಳೆಯಬೇಡಿ. ಆ ಎಣ್ಣೆ ತಾಗಿದ ರಬ್ಬರ್ ಊದಿಕೊಳ್ಳುತ್ತದೆ. ಹೊಸ ಬ್ರೇಕ್ ಆಯಿಲ್ಲಿನಲ್ಲೇ ತೊಳೆದು, ಕಪ್‌ಗೂ ಅದನ್ನೇ ಸವರಿ ಕೂರಿಸಿ.

ಲೈನಿನೊಳಗೆ ಸೇರಿದ ಏರ್ ತೆಗೆಯುವಾಗ ಹಿಂದಿನ ಎಡ ಚಕ್ರದಿಂದ ಶುರು ಮಾಡಿ, ಮಾಸ್ಟರಿನಿಂದ ಅದೇ ಎಲ್ಲಕ್ಕಿಂತ ದೂರ. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪೆಡಲನ್ನು ನೆಲ ಮುಟ್ಟುವ ಹಾಗೆ ತುಳಿಯಬೇಡಿ, ಇದು ಬಹಳ ಮುಖ್ಯ. ಹಳೇ ಮಾಸ್ಟರಿನ ಬೋರಿನಲ್ಲಿ ಕಪ್ ದಿನಾ ಓಡಾಡುವ ಜಾಗ ನಯವಾಗಿರುತ್ತದೆ, ಅದರಾಚೆ ತುಕ್ಕು ಇರುತ್ತದೆ. ಪೂರ್ತಿ ತುಳಿದರೆ ಆ ತುಕ್ಕಿನ ಮೇಲೆ ಕಪ್ ಹೋಗಿ ಕತ್ತರಿಸುತ್ತದೆ, ಚೆನ್ನಾಗಿದ್ದ ಮಾಸ್ಟರ್ ಅವತ್ತೇ ಕೆಡುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಳ್ಳಿ, ಸಾಕು.

ಕಾವೇರಿ ಅಂಬಾಸಿಡರ್:

ನಾನು ಶ್ರೀರಂಗಪಟ್ಟಣದ ಹತ್ತಿರ, ಪಯಣ ಕಾರ್ ಮ್ಯೂಸಿಯಂ ಇದೆಯಲ್ಲ, ಆ ಕಡೆಯವನು. ಎರಡು ಮಾತು ಸೇರಿಸುತ್ತೇನೆ. ಲೈನ್ ಹೇಗೂ ಬಿಚ್ಚಿದ್ದೀರಿ, ರಬ್ಬರ್ ಹೋಸ್ ಪೈಪುಗಳನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಆಗಲೇ ಬದಲಾಯಿಸಿ. ನನ್ನ ಗಾಡಿಯಲ್ಲಿ ಹೋಸ್ ಹೊರಗೆ ಚೆನ್ನಾಗೇ ಇತ್ತು, ಒಳಗೆ ಊದಿಕೊಂಡು ಆಯಿಲ್ ವಾಪಸ್ ಬರೋಕೆ ಬಿಡದೆ ಒಂದು ಚಕ್ರ ಹಿಡಿದುಕೊಂಡೇ ಇರುತ್ತಿತ್ತು. ಉಕ್ಕಿನ ಪೈಪು ತುಕ್ಕು ಹಿಡಿಯೋದು ಕ್ಲಿಪ್ ಕೆಳಗೆ, ಕ್ಲಿಪ್ ಬಿಚ್ಚದೆ ಕಾಣಲ್ಲ.

ಆಯಿಲ್ ಬಗ್ಗೆ: ಡಾಟ್ 3 ಇಲ್ಲವೇ ಡಾಟ್ 4 (ಡಾಟ್ ಅನ್ನೋದು ಬ್ರೇಕ್ ಆಯಿಲ್ಲಿನ ದರ್ಜೆ), ಸೀಲ್ ಒಡೆಯದ ಹೊಸ ಡಬ್ಬಿ. ಡಾಟ್ 5 ಸಿಲಿಕೋನ್, ಅದನ್ನು ಇದರ ಜೊತೆ ಬೆರೆಸಬಾರದು. ಡಾಟ್ 3, ಡಾಟ್ 4 ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆ ಹೀರುತ್ತದೆ, ಗಾಡಿ ನಿಂತಿದ್ದರೂ ಹೀರುತ್ತದೆ, ನಿಮ್ಮ ಸಿಲಿಂಡರಿನ ಗುಳಿಗೂ ಅದೇ ಕಾರಣ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ. ನೀರು ಸೇರಿದ ಮೇಲೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಬೆಟ್ಟ ಇಳಿಯುವಾಗ ಡ್ರಮ್ ಕಾದು ಆಯಿಲ್ ಕುದ್ದರೆ ಲೈನಿನಲ್ಲಿ ಆವಿ ತುಂಬಿ ಪೆಡಲ್ ಕುಸಿಯುತ್ತದೆ. ಡಿಕಾಕ್ಷನ್ ಬಣ್ಣ ಅಂದಿರಲ್ಲ, ಹಳೇ ಆಯಿಲ್ ಒಂದು ಹನಿಯೂ ಉಳಿಸಬೇಡಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ, ಬಣ್ಣ ಕಿತ್ತುಬಿಡುತ್ತದೆ.

ಮಂಡ್ಯ ಪದ್ಮಿನಿ:

ಎಲ್ಲರಿಗೂ ತಿಳಿಸೋಣ ಅಂತ ಬರೆಯುತ್ತಿದ್ದೇನೆ. ಬಲಗಡೆ ಸಿಲಿಂಡರಿನಲ್ಲೂ ಗುಳಿ ಇತ್ತು, ಸೋರೋಕೆ ಇನ್ನೂ ಶುರುವಾಗಿರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎರಡು ಹೊಸ ವೀಲ್ ಸಿಲಿಂಡರ್ ತರಿಸಿದೆ. ಹಿಂದಿನ ಹೋಸ್ ಪೈಪಿನಲ್ಲಿ ಬಿರುಕು ಸಿಕ್ಕಿತು, ಅದನ್ನೂ ಬದಲಾಯಿಸಿದೆ. ಎರಡೂ ಕಡೆ ಶೂಗೆ ಲೈನಿಂಗ್ ಹಾಕಿಸಿದೆ. ಹೆಂಡತಿ ಪೆಡಲ್ ತುಳಿದಳು, ಕೆಳಗೆ ಮರದ ತುಂಡು ಇತ್ತು, ನಾನು ಏರ್ ತೆಗೆಯುವ ನಿಪ್ಪಲ್ ಬಿಚ್ಚಿ ಬಿಗಿ ಮಾಡುತ್ತಾ ಹೋದೆ. ಬಾಟಲಿಗೆ ಮೊದಲು ಕಂದು ಬಣ್ಣದ್ದು, ಆಮೇಲೆ ಗುಳ್ಳೆ, ಆಮೇಲೆ ತಿಳಿ ಆಯಿಲ್ ಬಂತು. ನಾಲ್ಕೂ ಚಕ್ರ ಮುಗಿಸಿ ಶೂ ಅಡ್ಜಸ್ಟ್ ಮಾಡಿದ ಮೇಲೆ ಪೆಡಲ್ ಮೊದಲ ಒತ್ತಿಗೇ ಮೇಲೆ ನಿಲ್ಲುತ್ತಿದೆ.

ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು, ಚಕ್ರಗಳ ಕೆಳಗೆ ಪೇಪರ್ ಹಾಸಿ ಹದಿನೈದು ದಿನ ಬಿಟ್ಟೆ, ದಿನಾ ಶೆಡ್ಡಿನಲ್ಲೇ ಹತ್ತಿಪ್ಪತ್ತು ಸಲ ಪೆಡಲ್ ಒತ್ತುತ್ತಿದ್ದೆ. ಆಯಿಲ್ ಗೆರೆಯಲ್ಲೇ ಇದೆ, ಪೇಪರ್ ಒಣಗಿದೆ. ನಾಳೆ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಒಬ್ಬನೇ ನಿಧಾನವಾಗಿ ಒಂದು ಸುತ್ತು ಹೋಗಿ ಬರುತ್ತೇನೆ, ಬಂದು ಮತ್ತೆ ಡ್ರಮ್ ಬಿಚ್ಚಿ ನೋಡುತ್ತೇನೆ.